ಹಣೆಯ ದೀಪ

ಬ್ಯಾಟರಿಯ ವಿಷಯವಾಗಿ ಪ್ರಬಂಧ ಬರೆಯುತ್ತೇನೆಂದು ಹೇಳಿದಾಗ ಗೆಳೆಯರು ನಕ್ಕರು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೂ ಬ್ಯಾಟರಿಗೂ ಏನು ನಂಟು? ನಮ್ಮದು ಕಲಾ ಕಾಲೇಜು. ಇಲ್ಲಿ ವೋಲ್ಟಿನ ಮಾತನಾಡುವವರಿಲ್ಲ. ಆದರೆ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಖರ್ಚಿನ ಲೆಕ್ಕದಿಂದ. ಆದ್ದರಿಂದ ಅದು ಅರ್ಥಶಾಸ್ತ್ರಕ್ಕೂ ಸೇರಿದ್ದೆಂದು ವಾದಿಸಿ ಈ ಪುಟಗಳನ್ನು ಪಡೆದುಕೊಂಡಿದ್ದೇನೆ.

ನಮ್ಮ ಮನೆಯಿರುವುದು ಜರಗನಹಳ್ಳಿಯಲ್ಲಿ. ಕನಕಪುರ ರಸ್ತೆಯಲ್ಲಿ ಸಾರಕ್ಕಿಯನ್ನು ದಾಟಿ, ಯಲಚೇನಹಳ್ಳಿ ಬರುವುದಕ್ಕೆ ಮುಂಚೆ ಸಿಕ್ಕುವ ಊರು. ಊರು ಎನ್ನುವುದು ಹಳೆಯ ಅಭ್ಯಾಸದಿಂದ. ಈಗ ರಸ್ತೆಯ ಮೇಲೆ ಮೆಟ್ರೊ ರೈಲು ಓಡುತ್ತದೆ, ಕೆಳಗೆ ವಾಹನಗಳು ನಿಂತಿರುತ್ತವೆ. ನಮ್ಮ ತಂದೆಯವರ ಕಸಬು ಸಂಪು ತೊಳೆಯುವುದು. ಹೀಗೆಂದೊಡನೆ ಕೆಲವರು ಮೂಗು ಮುಚ್ಚಿಕೊಳ್ಳುವುದುಂಟು. ಅವರು ತಿಳಿದುಕೊಂಡ ಗುಂಡಿ ಬೇರೆ, ಇದು ಬೇರೆ. ಇದು ಅವರೇ ಕುಡಿಯುವ ನೀರಿನ ತೊಟ್ಟಿ. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಏರಿ ಬರುತ್ತದೆ. ಐದನೆಯ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆದರೂ ನಲ್ಲಿಯಲ್ಲಿ ಬಂದ ದಿನ ಹಿಡಿದಿಟ್ಟುಕೊಳ್ಳುವ ಅಭ್ಯಾಸವನ್ನು ಈ ನಗರ ಬಿಟ್ಟಿಲ್ಲ. ನೆಲದಡಿಯ ಸಂಪಿಲ್ಲದ ಮನೆ ನಮ್ಮ ಕಡೆ ಅಪರೂಪ. ತಳದಲ್ಲಿ ಕೂತ ಕೆಸರನ್ನು ವರ್ಷಕ್ಕೊಮ್ಮೆ ಎರಡು ಸಲವಾದರೂ ತೆಗೆಯಬೇಕು. ತೆಗೆಯುವವರಲ್ಲಿ ನಮ್ಮ ತಂದೆಯವರೂ ಒಬ್ಬರು.

ಸಂಪಿನ ಬಾಯಿ ಎರಡಡಿ ಚೌಕ. ಮುಚ್ಚಳ ತೆಗೆದು, ಗಾಳಿಯಾಡಲು ಬಿಟ್ಟು, ಏಣಿ ಇಳಿಸಿ ಒಳಗೆ ಹೋದರೆ ಬಾಯಿಯ ಕೆಳಗೆ ಮಾತ್ರ ಬೆಳಕು, ಮೂಲೆಗಳೆಲ್ಲ ಕತ್ತಲೆ. ಕೆಸರು ಕೂರುವುದು ಮೂಲೆಯಲ್ಲೇ. ಗೋಡೆ ಬಿರುಕು ಬಿಟ್ಟಿದೆಯೆ ಎಂದು ನೋಡಬೇಕಾದದ್ದೂ ಅಲ್ಲೇ. ಇದಕ್ಕಾಗಿ ಉದ್ದನೆಯ ವೈರಿಗೆ ಒಂದು ಬಲ್ಬು ಸಿಕ್ಕಿಸಿ ಇಳಿಬಿಡುವುದು ವಾಡಿಕೆ. ವೈರಿಗೆ ನಡುನಡುವೆ ಟೇಪು ಸುತ್ತಿದ ಗಂಟುಗಳು. ಕೆಳಗೆ ಬರಿಗಾಲಿನಲ್ಲಿ, ನೀರಿನಲ್ಲಿ ನಿಂತ ಮನುಷ್ಯ. ನಾನು ಪಿ.ಯು.ಸಿ. ಓದುತ್ತಿದ್ದಾಗ ತಂದೆಯವರ ಜೊತೆಗಾರರೊಬ್ಬರಿಗೆ ಒಂದು ಮನೆಯ ಸಂಪಿನಲ್ಲಿ ಹಾಗೆಯೇ ಶಾಕ್ ಹೊಡೆಯಿತು. ಪುಣ್ಯಕ್ಕೆ ಬದುಕಿಕೊಂಡರು, ಬಲಗೈಯ ಎರಡು ಬೆರಳು ಇಂದಿಗೂ ಪೂರ್ತಿ ಮಡಿಸಲು ಬರುವುದಿಲ್ಲ. ಅಂದಿನಿಂದ ತಂದೆಯವರು ವೈರು ಬೇಡವೆಂದು ಹಣೆಗೆ ಕಟ್ಟುವ ದೀಪವನ್ನು ಕೊಂಡರು.

ನಮ್ಮ ಮನೆಯಲ್ಲಿ ಟಾರ್ಚನ್ನೇ ‘ಬ್ಯಾಟ್ರಿ’ ಎನ್ನುತ್ತೇವೆ, ಒಳಗಿರುವುದು ‘ಸೆಲ್ಲು’. ಹೆಸರಿಡುವಾಗ ಹಿರಿಯರು ಬೆಳಕನ್ನು ಬಿಟ್ಟು ಶಕ್ತಿಯನ್ನು ಹಿಡಿದರಲ್ಲ, ಅದರಲ್ಲಿ ವಿವೇಕವಿದೆಯೆಂದು ನನಗೆ ತೋರುತ್ತದೆ. ಏಕೆಂದರೆ ಆ 300 ರೂಪಾಯಿಯ ಹಣೆದೀಪದ ಬೆಳಕಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆಯೆಲ್ಲ ಸೆಲ್ಲಿನಲ್ಲಿ. ಮೊದಲು ಎರಡು ಗಂಟೆ ಉರಿಯುತ್ತಿದ್ದದ್ದು ನಾಲ್ಕು ತಿಂಗಳಲ್ಲಿ ನಲವತ್ತು ನಿಮಿಷಕ್ಕಿಳಿಯಿತು. ಒಂದು ಸಂಪಿಗೇ ಒಂದೂವರೆ ಗಂಟೆ ಬೇಕು. ಅರ್ಧದಲ್ಲಿ ದೀಪ ಆರಿದರೆ ಮನೆಯವರು ಮೇಲಿನಿಂದ, “ಇರಯ್ಯ, ವೈರ್ ಬಿಡ್ತೀನಿ” ಎನ್ನುತ್ತಾರೆ. ಮಧ್ಯಾಹ್ನಕ್ಕೆ ಇನ್ನೊಂದು ಮನೆ ಒಪ್ಪಿಕೊಂಡ ಮನುಷ್ಯ ಆಗ ಏನು ಮಾಡಿಯಾನು? ಬಿಡಿ ಎನ್ನುತ್ತಾನೆ. ವರ್ಷದಲ್ಲಿ ಮೂರು ದೀಪ ಕೊಂಡದ್ದಾಯಿತು, ವೈರು ಇಳಿಯುವುದು ತಪ್ಪಲಿಲ್ಲ.

ಮೂರನೆಯದನ್ನು ನಾನು ಬಿಚ್ಚಿದೆ. ಒಳಗೆ ಹೆಬ್ಬೆರಳಿನಂಥ ಒಂದೇ ಸೆಲ್ಲು. ಇದಕ್ಕೆ 18650 ಎಂದು ಹೆಸರು: 18 ಮಿಲಿಮೀಟರು ಅಡ್ಡಳತೆ, 65 ಮಿಲಿಮೀಟರು ಉದ್ದ, ಕೊನೆಯ ಸೊನ್ನೆ ದುಂಡಗಿದೆ ಎನ್ನುವುದಕ್ಕೆ. ಮೈಮೇಲೆ 9900 ಮಿಲಿ ಆಂಪಿಯರ್ ಗಂಟೆ ಎಂದು ಬರೆದಿತ್ತು. ಈ ಅಳತೆಯ ಒಳ್ಳೆಯ ಸೆಲ್ಲುಗಳಲ್ಲೇ 3500 ಎಂದರೆ ಬಹಳ; ಅದಕ್ಕೆ ಎರಡೂವರೆಪಟ್ಟಿಗಿಂತ ಹೆಚ್ಚು ತುಂಬುವ ಪವಾಡವನ್ನು ಯಾರೂ ಮಾಡಿಲ್ಲ. ಒಳ್ಳೆಯ ಸೆಲ್ಲು ಸುಮಾರು 45 ಗ್ರಾಂ ತೂಗುತ್ತದೆ. ನಮ್ಮದನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ 29 ಗ್ರಾಂ! ಲಿಥಿಯಂ ಅಯಾನ್ ಸೆಲ್ಲು 1991ರಲ್ಲಿ ಮಾರುಕಟ್ಟೆಗೆ ಬಂದಿತು. ಅದಕ್ಕೆ ದಾರಿ ಮಾಡಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬಡವನ ಕೈಗೆ ಬರುವ ಹೊತ್ತಿಗೆ ಅದೇ ಸೆಲ್ಲು 29 ಗ್ರಾಮಿಗೆ ಇಳಿದಿರುತ್ತದೆ.

ಒಳ್ಳೆಯ ಹೊಸ ಸೆಲ್ಲುಗಳನ್ನು ಮೂರು ಕೊಂಡರೆ ನಮ್ಮ ಲೆಕ್ಕಕ್ಕೆ ದುಬಾರಿ. ದಾರಿ ಸಿಕ್ಕಿದ್ದು ಬೆಂಗಳೂರಿನಲ್ಲೇ ನಡೆದ ಒಂದು ಪ್ರಯೋಗದ ವರದಿಯಲ್ಲಿ. 2014ರಲ್ಲಿ ಇಲ್ಲಿನ ಐ.ಬಿ.ಎಂ. ಸಂಶೋಧನಾ ಕೇಂದ್ರದವರು ಬಿಸುಟ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬಿಚ್ಚಿ, ಒಳ್ಳೆಯ ಸೆಲ್ಲುಗಳನ್ನು ಆರಿಸಿ, ‘ಉರ್ಜಾರ್’ ಎಂಬ ದೀಪದ ಪೆಟ್ಟಿಗೆ ಮಾಡಿದರು. ಪರೀಕ್ಷಿಸಿದ ಹಳೆಯ ಬ್ಯಾಟರಿಗಳಲ್ಲಿ ನೂರಕ್ಕೆ 70ರಷ್ಟು, ಒಂದು ಎಲ್.ಇ.ಡಿ. ದೀಪವನ್ನು ದಿನಕ್ಕೆ ನಾಲ್ಕು ಗಂಟೆಗೂ ಮೇಲೆ ವರ್ಷಪೂರ್ತಿ ಉರಿಸಬಲ್ಲವಾಗಿದ್ದವಂತೆ. ಕರೆಂಟಿಲ್ಲದ ಕೆಲವರಿಗೆ ಅದನ್ನು ಕೊಟ್ಟು ನೋಡಿದಾಗ, ಇಲಿ ಕಡಿಯದ ವೈರು ಹಾಕಿಕೊಡಿ ಎಂದು ಅವರು ಕೇಳಿದರಂತೆ. ಇದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಪ್ರಯೋಗಶಾಲೆಯಲ್ಲಿ ಇಲಿಯ ಯೋಚನೆ ಯಾರಿಗೆ ಬಂದೀತು!

ಬಿಸುಟ ಬ್ಯಾಟರಿಯಲ್ಲಿ ಜೀವವಿರುವುದು ಹೇಗೆಂದು ಕೇಳಬಹುದು. ಲ್ಯಾಪ್‌ಟಾಪಿನಲ್ಲಿ ಸೆಲ್ಲುಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಗಾಡಿ ನಿಲ್ಲುವ ಹಾಗೆ, ಒಂದು ಸೆಲ್ಲು ಸೋತರೆ ಎಲ್ಲವೂ ಕಸಕ್ಕೆ ಹೋಗುತ್ತವೆ. ನಮ್ಮ ಬೀದಿಯಲ್ಲಿ ಮೊಬೈಲು, ಲ್ಯಾಪ್‌ಟಾಪು ರಿಪೇರಿ ಮಾಡುವ ಅಣ್ಣನೊಬ್ಬನಿದ್ದಾನೆ, ಐ.ಟಿ.ಐ. ಓದಿದವನು. ಅವನ ಅಂಗಡಿಯ ಮೂಲೆಯಿಂದ ನಾಲ್ಕು ಹಳೆಯ ಬ್ಯಾಟರಿ ತೆಗೆದುಕೊಂಡು, ಅವನ ಕಣ್ಣೆದುರಿಗೇ ಬಿಚ್ಚಿದೆವು. ಒಟ್ಟು 24 ಸೆಲ್ಲು. 2 ವೋಲ್ಟಿಗಿಂತ ಕೆಳಗೆ ಬಿದ್ದಿದ್ದ ಒಂಬತ್ತನ್ನು ಮೊದಲೇ ಬೇರೆ ಇಟ್ಟೆವು. ಅಂಥವನ್ನು ಮತ್ತೆ ತುಂಬಹೋಗುವುದು ಬೆಂಕಿಯೊಡನೆ ಸರಸವಾಡಿದಂತೆ; ಕಸದ ಬುಟ್ಟಿಗೂ ಹಾಕದೆ ಇ-ತ್ಯಾಜ್ಯದವರಿಗೆ ಕೊಟ್ಟೆವು. ಉಳಿದ ಹದಿನೈದನ್ನು 4.2 ವೋಲ್ಟಿನವರೆಗೆ ತುಂಬಿ ಎರಡು ವಾರ ಸುಮ್ಮನೆ ಬಿಟ್ಟೆವು. ಈ ಸುಮ್ಮನೆ ಬಿಡುವುದೇ ದೊಡ್ಡ ಪರೀಕ್ಷೆ. ಮೂರು ಸೆಲ್ಲು ಕೂತಲ್ಲೇ ಸೊರಗಿದವು, ಅವೂ ಹೋದವು. ಹನ್ನೆರಡರ ಶಕ್ತಿಯನ್ನು ಅಣ್ಣನ ಅಳತೆಯ ಯಂತ್ರಕ್ಕೆ ಕೊಟ್ಟು ಬರೆದುಕೊಂಡೆ. 1600ರ ಆಸುಪಾಸಿನ ಮೂರನ್ನು ಆರಿಸಿದೆವು.

ಮೂರನ್ನೂ ಒಂದೇ ವೋಲ್ಟಿಗೆ ತಂದು, ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿದೆವು. ಹೀಗೆ ಸೇರಿಸಿದರೆ ವೋಲ್ಟು ಒಂದರಷ್ಟೇ ಇದ್ದು, ಬಾಳಿಕೆ ಮೂರು ಪಾಲಾಗುತ್ತದೆ. ಬೆಸುಗೆಯ ಕಾವು ಸೆಲ್ಲಿಗೆ ಕೆಟ್ಟದ್ದು. ಆದ್ದರಿಂದ ನಿಕ್ಕಲ್ ಪಟ್ಟಿಯನ್ನು ಯಂತ್ರದಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಅಂಟಿಸಿದ್ದು. ಎಸ್.ಪಿ. ರಸ್ತೆಯಿಂದ ತಂದ ಸಣ್ಣ ಬೋರ್ಡೊಂದು, ಹೆಚ್ಚು ತುಂಬದಂತೆಯೂ ಪೂರ್ತಿ ಬರಿದಾಗದಂತೆಯೂ ಕಾಯುತ್ತದೆ. ಇದಿಲ್ಲದೆ ಕಟ್ಟುವುದು ಬೇಡವೇ ಬೇಡ.

ಪೆಟ್ಟಿಗೆಗೆ ತಂದೆಯವರೇ ಉಪಾಯ ಹೇಳಿದರು: “ಪೈಪಿಗೆ ಹಾಕಪ್ಪ, ನೀರು ಬರಬಾರದು ಅಂದ್ರೆ ಪೈಪಿಗಿಂತ ಬೇಕಾ?” ಒಂದೂವರೆ ಇಂಚಿನ ನಲ್ಲಿ ಪೈಪಿನಲ್ಲಿ ಮೂರು ಸೆಲ್ಲು ತ್ರಿಕೋನವಾಗಿ ಅಳೆದಿಟ್ಟಂತೆ ಕೂತವು. ಒಂದು ಕಡೆಯ ಮುಚ್ಚಳಕ್ಕೆ ಸಲ್ಯೂಷನ್ ಹಾಕಿದೆವು. ಇನ್ನೊಂದಕ್ಕೆ ಬೇಕೆಂದೇ ಹಾಕದೆ ರಬ್ಬರಿನ ಪಟ್ಟಿ ಸುತ್ತಿ ಒತ್ತಿದೆವು. ಸೆಲ್ಲು ಕೆಟ್ಟು ಗಾಳಿ ಉಬ್ಬಿದರೆ ಮುಚ್ಚಳ ಕಳಚಿಕೊಳ್ಳಬೇಕು, ಪೈಪು ಸಿಡಿಯಬಾರದು. ಚಾರ್ಜು ಮಾಡುವಾಗ ಅದನ್ನು ತೆಗೆದು ಕಲ್ಲುಹಾಸಿನ ಮೇಲಿಡುವುದು, ಮಲಗುವ ಮುಂಚೆ ಕಿತ್ತುಬಿಡುವುದು ಮನೆಯ ನಿಯಮ. ಸೊಂಟಕ್ಕೆ ಕಟ್ಟಿದರೆ ಬಗ್ಗಿದಾಗ ನೀರು ತಾಕುತ್ತದೆಂದು ಅಮ್ಮ ಹಳೆಯ ಜೀನ್ಸ್ ಬಟ್ಟೆಯಲ್ಲಿ, ಎರಡು ಹೆಗಲ ನಡುವೆ ಕೂರುವ ಚೀಲ ಹೊಲಿದುಕೊಟ್ಟರು.

ಖರ್ಚು ಹೀಗಾಯಿತು: ಸೆಲ್ಲಿಗೆ 120, ಬೋರ್ಡಿಗೆ 40, ವೈರು, ಪಿನ್ನಿಗೆ 50, ಅಂಟಿಸಿದ್ದಕ್ಕೆ 60, ಪೈಪು ಮನೆಯದೇ. ಒಟ್ಟು 270 ರೂಪಾಯಿ. ದೀಪ ಎಳೆಯುವುದು ಸುಮಾರು 600 ಮಿಲಿ ಆಂಪಿಯರ್. 4800ನ್ನು 600ರಿಂದ ಭಾಗಿಸಿದರೆ ಎಂಟು ಗಂಟೆ. ಕಿಟಕಿಯ ಕಟ್ಟೆಯಲ್ಲಿ ಹಚ್ಚಿಟ್ಟು, ಅದರ ಮುಂದೆಯೇ ಕೂತು ಸೆಮಿಸ್ಟರ್ ಪರೀಕ್ಷೆಗೆ ಓದಿದೆ. ಏಳೂಮುಕ್ಕಾಲು ಗಂಟೆ ಉರಿಯಿತು. ಕೊನೆಯ ಒಂದು ಗಂಟೆ ಮಂಕು. ಆದರೂ ಏಣಿ ಕಾಣುವಷ್ಟು ಬೆಳಕು.

ಸಂಪಿನಲ್ಲಿ ಅದು ಹೇಗೆ ಉರಿಯಿತೆಂಬುದನ್ನು ನಾನು ಕಣ್ಣಾರೆ ಕಂಡಿಲ್ಲ. ನಾನು ಇಳಿಯುವುದನ್ನು ತಂದೆಯವರು ಒಪ್ಪುವುದಿಲ್ಲ. “ನಿನ್ನ ಕಾಲೇಜಿಗೆ ಕಳಿಸಿರೋದು ಇದಕ್ಕಾ?” ಎನ್ನುತ್ತಾರೆ. ಮೊದಲ ದಿನ ಜೆ.ಪಿ. ನಗರದ ಒಂದು ಮನೆಗೆ ಬಕೆಟ್ಟು ಹಿಡಿಯುವುದಕ್ಕೆಂದು ಹಠ ಮಾಡಿ ಹೋಗಿ, ಮೇಲೆ ನಿಂತಿದ್ದೆ. ಅರ್ಧ ಕೆಲಸವಾದಾಗ ಮನೆಯವರು ವಾಡಿಕೆಯಂತೆ ವೈರಿನ ಸುರುಳಿ ಹಿಡಿದುಕೊಂಡು ಬಂದರು. ಕೆಳಗಿನಿಂದ, “ಬೇಡ ಸ್ವಾಮಿ, ಸಂಜೆವರೆಗೂ ಇದೆ” ಎಂದು ಧ್ವನಿ ಕೇಳಿಸಿತು. ಮನೆಗೆ ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು: ಸೆಲ್ಲು ಬೆನ್ನಿಗೆ ಹೋದದ್ದರಿಂದ ಹಣೆಯ ಭಾರ ಇಳಿದಿದೆ, ಪಟ್ಟಿ ಜಾರುವುದಿಲ್ಲ.

ಇವು ಹಳೆಯ ಸೆಲ್ಲುಗಳು, ಎಂದೆಂದಿಗೂ ಬಾಳುವುದಿಲ್ಲ. ಪೈಪಿನ ಮೇಲೆ ಕಟ್ಟಿದ ದಿನಾಂಕ ಬರೆದಿದ್ದೇನೆ. ಆರು ತಿಂಗಳಿಗೊಮ್ಮೆ ಬಿಚ್ಚಿ ಅಳೆಯಬೇಕು. ಐದು ಗಂಟೆಗಿಂತ ಕೆಳಗೆ ಬಂದರೆ ಬದಲಾಯಿಸಬೇಕು. ಬೆರಳು ಮಡಿಸಲಾಗದ ಆ ಜೊತೆಗಾರರು ನೋಡಿ ತಮಗೂ ಒಂದು ಬೇಕೆಂದರು. ಸಾಮಾನಿನ ದುಡ್ಡು ಮಾತ್ರ ತೆಗೆದುಕೊ, ಕೂಲಿ ಕೇಳಬೇಡವೆಂದು ತಂದೆಯವರ ಅಪ್ಪಣೆಯಾಗಿದೆ. ಉಳಿದ ಒಂಬತ್ತರಲ್ಲಿ ಮೂರನ್ನು ಆರಿಸಿ ಕಟ್ಟಿ, ಈ ಸಾಲು ಬರೆಯುವಾಗ ಕಿಟಕಿಯ ಕಟ್ಟೆಯ ಮೇಲೆ ಹಚ್ಚಿಟ್ಟಿದ್ದೇನೆ. ಐದೂವರೆ ಗಂಟೆಯಾಯಿತು, ಇನ್ನೂ ಮಂಕಾಗಿಲ್ಲ.