ಅಗ್ಗಿಷ್ಟಿಕೆಯ ಒಡಲಿನಲ್ಲಿ ಅಡಿಗೆ

ಕಳೆದ ಕಾರ್ತಿಕಮಾಸದಲ್ಲಿ ನಾವು ಸಹಧರ್ಮಿಣಿಯೊಡನೆ ಹಿಮಾಚಲಪ್ರದೇಶದ ಕಿನ್ನೌರ ಪ್ರಾಂತಕ್ಕೆ ಪ್ರಯಾಣಮಾಡಿದೆವು. ಪುರಾಣಗಳಲ್ಲಿ ಶತದ್ರುವೆಂದು ಹೆಸರಾದ ಸತಲಜ ನದಿಯ ಕಣಿವೆಯನ್ನು ಹಿಡಿದು, ಶಿಮ್ಲೆಯಿಂದ 200 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಮೋಟಾರಿನಲ್ಲಿ ಕ್ರಮಿಸಿ, ಕಲ್ಪಾ ಎಂಬ ಗ್ರಾಮವನ್ನು ಸೇರಿದೆವು. ಈ ಗ್ರಾಮವು ಸಮುದ್ರಮಟ್ಟಕ್ಕಿಂತ 2,900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಎದುರಿಗೆ ಕಿನ್ನರಕೈಲಾಸದ ಹಿಮಶಿಖರಗಳು. ಇಳಿಜಾರಿನಲ್ಲಿ ಸೇಬಿನ ತೋಟಗಳು. ಸೂರ್ಯನು ಮರೆಯಾದೊಡನೆ ಇಳಿದ ಚಳಿಗೆ ನಮ್ಮ ಶಾಲುಗಳು ಯಾವ ಮೂಲೆಗೂ ಸಾಲದಾದುವು.

ನಾವು ತಂಗಿದ ಮನೆಯ ನಡುಕೋಣೆಯಲ್ಲಿ ಕಾಲುಗಳ ಮೇಲೆ ನಿಂತ ಒಂದು ಕಬ್ಬಿಣದ ತಗಡಿನ ಪೆಟ್ಟಿಗೆಯಿತ್ತು. ಅದನ್ನು ಅಲ್ಲಿ ತಂದೂರೆನ್ನುವರು. ರೊಟ್ಟಿ ಬಡಿಯುವ ಮಣ್ಣಿನ ತಂದೂರೇ ಬೇರೆ. ಮುಂದೆ ಸೌದೆಯೊಡ್ಡುವ ಬಾಗಿಲು. ಹಿಂದೆ ಮಾಡಿನಾಚೆಗೆ ಹೊಗೆಯನ್ನೊಯ್ಯುವ ಕೊಳವೆ. ಮೇಲೆ ಚಹದ ಪಾತ್ರೆ. ಅಡಿಗೆಯೂ ಅದರ ಮೇಲೆಯೇ ಆಗುವುದೆಂದು ನಾವು ಭಾವಿಸಿದ್ದೆವು. ಹಸಿರಂಚಿನ ಟೋಪಿ ಧರಿಸಿದ್ದ ಮನೆಯ ವೃದ್ಧೆಯಾದರೋ ಉರಿಯೆಲ್ಲ ಅಡಗುವವರೆಗೆ ಸುಮ್ಮನೆ ಕುಳಿತಿದ್ದು, ಆಮೇಲೆ ಬಾಗಿಲು ತೆರೆದು, ಕೆಂಡಗಳನ್ನು ಒತ್ತಟ್ಟಿಗೆ ಸರಿಸಿ, ಬಿಸಿಬೂದಿಯಲ್ಲಿ ಆಲೂಗೆಡ್ಡೆಗಳನ್ನು ಹೂಳಿದಳು. ಉರಿಯಲ್ಲಿಟ್ಟರೆ ಹೊರಗೆ ಕರಿ, ಒಳಗೆ ಹಸಿ. ಬೂದಿಯಲ್ಲಿಟ್ಟರೆ ಶಾಖವು ಮೆಲ್ಲಮೆಲ್ಲನೆ ಒಳಹೊಗುವುದು. ಬಣ್ಣ ಬಳಿದ ಹಲಗೆಯ ಚೂರುಗಳನ್ನು ಆಕೆ ಆ ಬೆಂಕಿಗೆ ಸೇರಿಸಗೊಡುತ್ತಿರಲಿಲ್ಲ. ಅದರ ವಿಷವು ಅನ್ನಕ್ಕೆ ತಾಗುವುದಂತೆ. ಸುಮಾರು ಒಂದು ಗಂಟೆಯ ಬಳಿಕ ಗೆಡ್ಡೆಗಳನ್ನು ತೆಗೆದು, ಸಿಪ್ಪೆ ಬಿಡಿಸಿ, ಉಪ್ಪು ಬೆಣ್ಣೆಗಳೊಡನೆ ನಮಗೆ ಕೊಟ್ಟಳು.

ನಮ್ಮಾಕೆ ಮೊದಲ ತುತ್ತಿಗೇ, "ಇದು ನಮ್ಮ ತೌರಿನ ಬಚ್ಚಲೊಲೆಯೇ ಅಲ್ಲವೆ! ಹಂಡೆಯ ನೀರು ಕಾದಮೇಲೆ ನಮ್ಮಮ್ಮ ಗೆಣಸನ್ನೂ ಹಲಸಿನ ಬೀಜವನ್ನೂ ಹೀಗೆಯೇ ಹೂಳುತ್ತಿದ್ದರು" ಎಂದಳು. ಮಲೆನಾಡಿನ ಆ ಒಲೆ ಆರಿ ಎಷ್ಟೋ ವರ್ಷಗಳಾದುವು. ಆಕೆಯ ಕಣ್ಣು ತುಂಬಿದುದು ಹೊಗೆಯಿಂದಲ್ಲ.

ಮಲಗುವ ಹೊತ್ತಿಗೆ ನಾವು ಒಂದು ಬುದ್ಧಿವಂತಿಕೆಯನ್ನು ಮಾಡಹೊರಟೆವು. ಉಳಿದ ಶಾಖವೆಲ್ಲ ಕೊಳವೆಯಿಂದ ಪೋಲಾಗುತ್ತಿದೆಯೆಂದು ಅದರ ಅಡ್ಡತಗಡನ್ನು ತಿರುಗಿಸಿ ಮುಚ್ಚಲು ಕೈಯೆತ್ತಿದೆವು. ವೃದ್ಧೆಯು ಧಾವಿಸಿ ಬಂದು ನಮ್ಮ ಕೈಹಿಡಿದಳು. "ಮಾಸ್ಟರ್‌ಜೀ, ಕೆಂಡ ಇನ್ನೂ ಸತ್ತಿಲ್ಲ" ಎಂದು ಹಿಂದಿಯಲ್ಲಿ ಹೇಳಿ, ಕಿಟಕಿಯನ್ನೂ ಎರಡು ಬೆರಳಷ್ಟು ತೆರೆದಳು.

ಆಕೆಯ ಮಾತು ಶಾಸ್ತ್ರಸಮ್ಮತವಾದುದು. ಸಾಕಷ್ಟು ಗಾಳಿಯಿಲ್ಲದೆ ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡೆಂಬ ಅನಿಲವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದು. ತಲೆನೋವು, ಓಕರಿಕೆ, ಮಂಪರು. ಮಲಗಿದವರು ಏಳದೆಯೇ ಹೋಗಬಹುದು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯನ್ನಿಟ್ಟು ಕಿಟಕಿಗಳನ್ನು ಭದ್ರಪಡಿಸುವ ನಮ್ಮ ಗೃಹಸ್ಥರು ಇದನ್ನು ಮನಸ್ಸಿನಲ್ಲಿಡಬೇಕು.

ಋಗ್ವೇದವು ಅಗ್ನಿಯನ್ನು ಗೃಹಪತಿಯೆಂದೂ ಅತಿಥಿಯೆಂದೂ ಕರೆಯುತ್ತದೆ. ಈ ಎರಡು ಪದಗಳಿಗೂ ನಾವು ವರ್ಷವರ್ಷವೂ ಮಕ್ಕಳಿಗೆ ಅರ್ಥ ಹೇಳಿದ್ದೆವು. ಅದು ನಮಗೆ ತಿಳಿದುದು ಆ ರಾತ್ರಿ. ಉಣಿಸಿ ಬೆಚ್ಚಗಿಟ್ಟ ಅತಿಥಿಯು ಪೂರ್ಣವಾಗಿ ಹೊರಡುವವರೆಗೆ ಬಾಗಿಲು ಹಾಕಬಾರದು.