ಸೊಟ್ಟ ಗೆರೆ

‘ಟಿವಿ ಸೊಟ್ಟ ತೋರಿಸ್ತದೆ ಕಣಮ್ಮ’ ಎಂದು ಅಪ್ಪ ಫೋನ್ ಮಾಡಿದಾಗ ನಾನು ಲ್ಯಾಬಿನಲ್ಲಿದ್ದೆ. ತಿಪಟೂರಿನ ಮನೆಗೆ 65 ಇಂಚಿನ 4ಕೆ ಟಿವಿ ಬಂದು ಆಗ ಮೂರು ವಾರವಾಗಿತ್ತು. ಕೊಬ್ಬರಿ ಮಂಡಿಯಲ್ಲಿ ಮೂವತ್ತೆರಡು ವರ್ಷ ಲೆಕ್ಕ ಬರೆದ ಅಪ್ಪ ತನಗೆಂದು ಕೊಂಡ ಮೊದಲ ದುಬಾರಿ ವಸ್ತು ಅದು. ನಮ್ಮ ಪುಟ್ಟ ಹಾಲಿಗೆ ಅಷ್ಟು ದೊಡ್ಡದು ಯಾಕೆ ಎಂದು ನಾನು ಜಗಳವಾಡಿದ್ದೆ. ‘ಇರ್ಲಿ ಬಿಡು, ದೊಡ್ಡದಾಗಿ ಕಾಣ್ಲಿ’ ಎಂದಿದ್ದ.

ಸೊಟ್ಟ ಎಂದರೆ ಏನು ಸೊಟ್ಟ ಎಂದು ಕೇಳಿದೆ. ಕ್ರಿಕೆಟ್ಟಿನಲ್ಲಿ ನಡುವಿನ ಸ್ಟಂಪು ಬಾಗಿ ಕಾಣುತ್ತದೆ, ವಾರ್ತೆಯ ಕೆಳಗೆ ಓಡುವ ಪಟ್ಟಿ ಒಂದು ಕಡೆ ಉಬ್ಬುತ್ತದೆ ಎಂದ. ಅಂಗಡಿಯವರು ಎರಡು ಸಲ ಹುಡುಗನನ್ನು ಕಳಿಸಿದ್ದರಂತೆ. ಅವನು ರಿಮೋಟ್ ಒತ್ತಿ ನೋಡಿ, ಸೆಟ್ಟು ಸರಿಯಾಗೇ ಇದೆ ಯಜಮಾನ್ರೇ ಎಂದು ಸಹಿ ಹಾಕಿಸಿಕೊಂಡು ಹೋಗಿದ್ದ. ‘ನೀನು ಓದ್ತಿರೋದು ಇದನ್ನೇ ಅಲ್ವಾ? ಬಂದು ಒಂದ್ಸಲ ನೋಡು. ನೀನು ಹೇಳಿದ್ರೆ ಕೇಳ್ತಾರೆ.’

ನಾನು ಓದುತ್ತಿರುವುದು ಹೆಚ್ಚುಕಡಿಮೆ ಅದನ್ನೇ. ವಿಡಿಯೊ ಚಿತ್ರದ ಗುಣಮಟ್ಟವನ್ನು ಅಳೆಯುವುದು ಹೇಗೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಗಣಿತದ ಸೂತ್ರಗಳಿಂದ ಅಳೆಯುವುದು ಒಂದು ದಾರಿ. ಜನರನ್ನು ಕೂರಿಸಿ, ಚಿತ್ರ ತೋರಿಸಿ, ಒಂದರಿಂದ ಐದರೊಳಗೆ ಅಂಕ ಕೊಡಿ ಎಂದು ಕೇಳುವುದು ಇನ್ನೊಂದು. ಈ ಎರಡನೆಯದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.500 ಎಂಬ ಶಿಫಾರಸು ಇದೆ. ಕಡಿಮೆಯೆಂದರೆ 15 ಜನ ಬೇಕು, ಕೋಣೆಯ ಬೆಳಕು ಇಂತಿಷ್ಟೇ ಇರಬೇಕು ಎಂದೆಲ್ಲ ಅದರಲ್ಲಿದೆ. ಕೂರಿಸುವ ಮೊದಲು ಪ್ರತಿಯೊಬ್ಬರ ಕಣ್ಣು ಪರೀಕ್ಷಿಸಬೇಕು. ಗೋಡೆಯ ಅಕ್ಷರಪಟ್ಟಿ ಓದಿಸುತ್ತೇವೆ, ಬಣ್ಣದ ಚುಕ್ಕೆಗಳ ನಡುವಿನ ಅಂಕಿ ಗುರುತಿಸಲು ಹೇಳುತ್ತೇವೆ. ತಪ್ಪಿದವರಿಗೆ ಕಾಫಿ ಕೊಟ್ಟು, ಥ್ಯಾಂಕ್ಸ್ ಹೇಳಿ ಕಳಿಸುತ್ತೇವೆ. ಹಾಗೆ ನಾನೇ ಹಲವರನ್ನು ಕಳಿಸಿದ್ದೇನೆ. ಅವರ ಬಗ್ಗೆ ಆಮೇಲೆ ಯೋಚಿಸಿದವಳಲ್ಲ.

ಶನಿವಾರ ಬೆಳಗಿನ ರೈಲು ಹತ್ತಿದೆ. ಚೀಲದಲ್ಲಿ ಒಂದು ಪೆನ್‌ಡ್ರೈವ್, ಅದರ ತುಂಬ ಪರೀಕ್ಷೆಯ ಚಿತ್ರಗಳು.

ಮನೆಗೆ ಹೋದಾಗ ಅಪ್ಪ ಟಿವಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಸೋಫಾ ಹಿಂದಿನ ಗೋಡೆಗೆ ಆತು ಖಾಲಿ ಇತ್ತು. ಅಳತೆಪಟ್ಟಿ ತಂದು ಅಳೆದೆ. ಕುರ್ಚಿಯಿಂದ ಪರದೆಗೆ ನಾಲ್ಕಡಿ. ನನಗೆ ನಗು ಬಂತು. 65 ಇಂಚಿನ 4ಕೆ ಪರದೆಯ ಅಗಲ ಸುಮಾರು 144 ಸೆಂಟಿಮೀಟರ್, ಅದರಲ್ಲಿ 3840 ಪಿಕ್ಸೆಲ್‌ಗಳ ಸಾಲು. ಒಂದು ಪಿಕ್ಸೆಲ್ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ತುಸು ದೊಡ್ಡದು. ಆರೋಗ್ಯವಂತ ಕಣ್ಣಿಗೆ ಅಷ್ಟು ಸಣ್ಣ ಚುಕ್ಕಿ ಬೇರೆಯಾಗಿ ಕಾಣಬೇಕಾದರೆ ನಾಲ್ಕೂಕಾಲು ಅಡಿಯೊಳಗೆ ಕೂರಬೇಕು. ಅದರಾಚೆಗೆ ಹೋದಂತೆ 4ಕೆ ಎಂಬುದರ ಲಾಭ ಕರಗುತ್ತ ಬಂದು, ಎಂಟೂವರೆ ಅಡಿ ದಾಟಿದರೆ ಅದಕ್ಕೂ ಹಳೆಯ ಫುಲ್ ಎಚ್‌ಡಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ನಮ್ಮ ಸೋಫಾ ಇದ್ದದ್ದು ಒಂಬತ್ತಡಿಯಲ್ಲಿ. ‘ಅಪ್ಪ, ಇಡೀ ಊರಲ್ಲಿ 4ಕೆ ಟಿವೀನ ಸರಿಯಾದ ಜಾಗದಲ್ಲಿ ಕೂತು ನೋಡ್ತಿರೋನು ನೀನೊಬ್ನೇ’ ಎಂದೆ. ಅಪ್ಪ ನಗಲಿಲ್ಲ.

ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಕತ್ತಲೆ ಮಾಡಿ ಶುರುಮಾಡಿದೆ. ಮೊದಲು ಪೂರ್ತಿ ಕಪ್ಪು ಪರದೆ. ಕೆಳಗಿನ ಎಡಮೂಲೆಯಲ್ಲಿ ಹಿಂಬದಿಯ ಬೆಳಕು ತುಸು ಸೋರುತ್ತಿತ್ತು, ಈ ಬೆಲೆಯ ಸೆಟ್ಟಿಗೆ ಅದು ಸಹಜ. ಆಮೇಲೆ ಪೂರ್ತಿ ಬೂದು. ಕಲೆಗಳಿರಲಿಲ್ಲ. ಪಕ್ಕಕ್ಕೆ ಸರಿದು ನೋಡಿದರೆ ಬಣ್ಣ ಪೇಲವವಾಗುತ್ತಿತ್ತು. ಸೆಟ್ಟಿಂಗು ಅಂಗಡಿಯಲ್ಲಿ ಇದ್ದಂತೆಯೇ ‘ವಿವಿಡ್’ನಲ್ಲಿತ್ತು. ಟ್ಯೂಬ್‌ಲೈಟುಗಳ ಕೆಳಗೆ ಪಕ್ಕದ ಸೆಟ್ಟುಗಳ ಜೊತೆ ಪೈಪೋಟಿ ಮಾಡಲೆಂದು ಇರುವ ಮೋಡ್ ಅದು, ಬಿಳಿಯನ್ನು ನೀಲಿಗೆ ತಿರುಗಿಸಿ ಎಲ್ಲವನ್ನೂ ಕಣ್ಣಿಗೆ ಹೊಡೆಯುವ ಹಾಗೆ ತೋರಿಸುತ್ತದೆ. ‘ಸಿನಿಮಾ’ಗೆ ಬದಲಿಸಿದೆ. ‘ಎಲ್ಲಾ ಹಳದಿ ಆಯ್ತಲ್ಲೇ’ ಎಂದಳು ಅಮ್ಮ ಅಡುಗೆಮನೆಯ ಬಾಗಿಲಿನಿಂದ. ಎರಡು ದಿನದಲ್ಲಿ ರೂಢಿಯಾಗುತ್ತದೆ ಎಂದೆ. ಎರಡು ಫ್ರೇಮುಗಳ ನಡುವೆ ತಾನೇ ಇನ್ನೊಂದು ಫ್ರೇಮ್ ಹುಟ್ಟಿಸಿ ತುರುಕುವ, ಹಳೆಯ ಸಿನಿಮಾವನ್ನು ಸೀರಿಯಲ್ಲಿನಂತೆ ಜಾರಿಸುವ ಸೌಲಭ್ಯವನ್ನೂ ಆರಿಸಿದೆ.

ನಂತರ ಕೇಬಲ್ ಹಾಕಿದೆ. ಅಪ್ಪನಿಗೆ ಇಷ್ಟವಾದ ಚಂದನ ವಾಹಿನಿ. ನಮ್ಮ ಹಳೆಯ ಸೆಟ್‌ಟಾಪ್ ಬಾಕ್ಸ್ ಕೊಡುವುದು 720ಕ್ಕೆ 576 ಪಿಕ್ಸೆಲ್, ಎಂದರೆ ಒಟ್ಟು 4,14,720. ಪರದೆಯಲ್ಲಿರುವುದು 82,94,400. ಸರಿಯಾಗಿ ಇಪ್ಪತ್ತು ಪಟ್ಟು. ಹೊರಗಿನಿಂದ ಬರುವ ಪ್ರತಿ ಒಂದು ಚುಕ್ಕಿಗೆ ಉಳಿದ ಹತ್ತೊಂಬತ್ತನ್ನು ಟಿವಿ ಅಕ್ಕಪಕ್ಕ ನೋಡಿ ಊಹಿಸಿ ತುಂಬುತ್ತದೆ. ಊಹೆ ಪರವಾಗಿಲ್ಲ ಎನ್ನುವಂತಿತ್ತು. ಆದರೆ ಸೊಟ್ಟ ಮಾತ್ರ ಎಲ್ಲೂ ಕಾಣಲಿಲ್ಲ.

ಕೊನೆಗೆ ಚೌಕಳಿ ಚಿತ್ರ ಹಾಕಿದೆ. ಕಪ್ಪು ಪರದೆಯ ಮೇಲೆ ಬಿಳಿಯ ಅಡ್ಡ ಉದ್ದ ಗೆರೆಗಳು. ದಪ್ಪ ಗಾಜಿನ ಹಳೆಯ ಟಿವಿಗಳ ಕಾಲದಲ್ಲಿ ಚಿತ್ರ ಬಾಗಿದೆಯೇ ಎಂದು ನೋಡಲು ಇದು ಬೇಕೇ ಬೇಕಿತ್ತು. ಅಲ್ಲಿ ಎಲೆಕ್ಟ್ರಾನುಗಳ ಕಿರಣವನ್ನು ಅಯಸ್ಕಾಂತ ಬಾಗಿಸುತ್ತಿತ್ತು, ಅದರ ಹೊಂದಾಣಿಕೆ ತಪ್ಪಿದರೆ ಗೆರೆ ಬಾಗುತ್ತಿತ್ತು. ಈಗಿನ ಪರದೆಯಲ್ಲಿ ಪಿಕ್ಸೆಲ್‌ಗಳು ಗಾಜಿನ ಮೇಲೆ ಕೂತಲ್ಲಿಂದ ಕದಲುವುದಿಲ್ಲ. ಗೆರೆಯೊಂದು ನಡುವೆ ಮಾತ್ರ ಬಾಗುವುದು ಅಲ್ಲಿ ಸಾಧ್ಯವೇ ಇಲ್ಲ. ಅಪ್ಪನ ಸಮಾಧಾನಕ್ಕೆಂದಷ್ಟೇ ಹಾಕಿದ್ದೆ.

‘ಹಾ, ಇಲ್ಲಿ!’ ಎಂದು ಅಪ್ಪ ಕುರ್ಚಿಯಿಂದ ಎದ್ದ. ‘ಇದೇ ನೋಡು. ಈ ಗೆರೆ ಒಳಕ್ಕೆ ಬಾಗಿದೆ. ಇಲ್ಲಿ ಎರಡು ಮನೆ ಒಂದಾಗಿದೆ.’ ಬೆರಳಿಟ್ಟ ಜಾಗವನ್ನು ನೋಡಿದೆ. ಗೆರೆ ನೇರವಾಗಿತ್ತು. ಸ್ಕೇಲು ಹಿಡಿದು ತೋರಿಸಿದೆ. ಅಪ್ಪನಿಗೆ ಸಿಟ್ಟು ಬಂತು. ‘ಮೂವತ್ತೆರಡು ವರ್ಷ ಖಾತೆ ಪುಸ್ತಕದಲ್ಲಿ ಗೆರೆ ಹಾಕಿದ್ದೀನಿ. ನಂಗೆ ನೇರ ಯಾವ್ದು ಸೊಟ್ಟ ಯಾವ್ದು ಗೊತ್ತಾಗಲ್ವಾ?’

ಬಲಕ್ಕಿರುವ ಬೇರೆ ಗೆರೆ ನೋಡು ಎಂದೆ. ನೋಡಿದ. ‘ಈಗ ಅಲ್ಲಿ ಬಾಗಿದೆ’ ಎಂದ. ಎಡಕ್ಕೆ ನೋಡು ಎಂದೆ. ‘ಈಗ ಅಲ್ಲಿ.’ ಅಪ್ಪ ಎಲ್ಲಿ ನೋಡಿದರೆ ಅಲ್ಲಿ ಗೆರೆ ಬಾಗುತ್ತಿತ್ತು.

ನನ್ನ ಕೈ ತಣ್ಣಗಾಯಿತು. ಬಲಗಣ್ಣು ಮುಚ್ಚಿಕೋ ಎಂದೆ. ಅಪ್ಪ ಅಂಗೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಈಗ ಎಲ್ಲಾ ನೇರ ಇದೆ.’ ಎಡಗಣ್ಣು ಮುಚ್ಚಿಕೋ ಎಂದೆ. ಈ ಸಲ ಇನ್ನೂ ಹೊತ್ತು ಸುಮ್ಮನಿದ್ದ. ಆಮೇಲೆ ನಿಧಾನವಾಗಿ, ‘ನಡುವೆ ಗೆರೆಗಳೇ ಇಲ್ಲ ಕಣಮ್ಮ, ಅಳಿಸಿದ ಹಾಗಿದೆ’ ಎಂದ.

ಸ್ವಿಟ್ಜರ್ಲೆಂಡಿನ ನೇತ್ರವೈದ್ಯ ಮಾರ್ಕ್ ಆಮ್ಸ್ಲರ್ 1940ರ ದಶಕದಲ್ಲಿ ಇಂಥದೇ ಚೌಕಳಿಯನ್ನು ರೂಪಿಸಿದ್ದ ಎಂದು ಎಲ್ಲೋ ಓದಿದ್ದೆ. ಹತ್ತು ಸೆಂಟಿಮೀಟರಿನ ಚೌಕ, ಅದರೊಳಗೆ ಐದೈದು ಮಿಲಿಮೀಟರಿನ ನಾನೂರು ಮನೆಗಳು, ಮಧ್ಯದಲ್ಲೊಂದು ಚುಕ್ಕಿ. ಒಂದು ಕಣ್ಣು ಮುಚ್ಚಿ ಚುಕ್ಕಿಯನ್ನೇ ದಿಟ್ಟಿಸಿದಾಗ ಗೆರೆ ಬಾಗಿದರೆ ದೋಷವಿರುವುದು ರೆಟಿನಾದ ನಡುಭಾಗದಲ್ಲಿ. ಟಿವಿಯ ತಪ್ಪು ಹುಡುಕಲು ಇಟ್ಟುಕೊಂಡಿದ್ದ ನನ್ನ ಚಿತ್ರ ಆಮ್ಸ್ಲರನ ಕೆಲಸ ಮಾಡಿತ್ತು.

ಸೋಮವಾರ ಬೆಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಪಾಪೆ ಹಿಗ್ಗಿಸಿ ನೋಡಿದರು, ಸ್ಕ್ಯಾನ್ ಮಾಡಿದರು. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ. ಬಲಗಣ್ಣಿನ ರೆಟಿನಾದ ಸಣ್ಣ ರಕ್ತನಾಳಗಳು ಸೋರಿ, ದೃಷ್ಟಿಯ ಕೇಂದ್ರಕ್ಕೆ ನೀರು ತುಂಬಿ ಬಾವು ಬಂದಿತ್ತು. ಪರದೆಯೇ ಉಬ್ಬಿದರೆ ಅದರ ಮೇಲೆ ಬಿದ್ದ ಚಿತ್ರ ನೇರವಾಗಿರುವುದು ಹೇಗೆ? ಎಡಗಣ್ಣಿನಲ್ಲಿ ಆರಂಭದ ಲಕ್ಷಣಗಳಷ್ಟೇ ಇದ್ದವು. ವರ್ಷಕ್ಕೊಮ್ಮೆ ರೆಟಿನಾ ತೋರಿಸುತ್ತಿದ್ದಿರಾ ಎಂದು ಡಾಕ್ಟರು ಕೇಳಿದರು. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದ್ದೆ ಎಂದ ಅಪ್ಪ.

ಬಸ್ಸಿನಲ್ಲಿ ವಾಪಸಾಗುವಾಗ ಒಂದೊಂದೇ ಹೊರಬಂತು. ಪೇಪರ್ ಓದುವುದನ್ನು ಬಿಟ್ಟು ವರ್ಷವಾಗಿತ್ತು, ಅಮ್ಮ ಓದಿ ಹೇಳುತ್ತಿದ್ದಳು. ನನಗೆ ವಾಟ್ಸಾಪಿನಲ್ಲಿ ಬರೆಯುವುದು ನಿಂತು ಬರೀ ಧ್ವನಿ ಸಂದೇಶ ಬರುತ್ತಿತ್ತು, ಅಪ್ಪ ಮಾಡರ್ನ್ ಆದ ಎಂದು ನಾನು ಗೆಳತಿಯರಲ್ಲಿ ಹೇಳಿಕೊಂಡಿದ್ದೆ. ಬಾಗಿಲ ಚೌಕಟ್ಟು ಸೊಟ್ಟಗೆ ಕಂಡಾಗ ಮಳೆಗೆ ಮರ ಬಾಗಿದೆ ಅಂದುಕೊಂಡಿದ್ದನಂತೆ. ಒಂದು ಕಣ್ಣು ಬಿಟ್ಟುಕೊಟ್ಟದ್ದನ್ನು ಇನ್ನೊಂದು ಕಣ್ಣು ತುಂಬುತ್ತಿತ್ತು, ಮಿಕ್ಕಿದ್ದನ್ನು ಮೆದುಳು ಊಹಿಸುತ್ತಿತ್ತು. ಟಿವಿ ಹತ್ತೊಂಬತ್ತು ಚುಕ್ಕಿಗಳಿಗೆ ಮಾಡುವುದೂ ಅದನ್ನೇ. ದೊಡ್ಡ ಪರದೆ, ನಾಲ್ಕಡಿ ದೂರ, ಪ್ಲಾಸ್ಟಿಕ್ ಕುರ್ಚಿ, ಯಾವುದೂ ಷೋಕಿಯಾಗಿರಲಿಲ್ಲ. ‘ಮುಂಚೆನೇ ಯಾಕೆ ಹೇಳ್ಲಿಲ್ಲ?’ ಎಂದೆ. ‘ನಿನ್ ಥೀಸಿಸ್ಸು ಮುಗೀಲಿ ಅಂತ’ ಎಂದ.

ಫೋನಿನಲ್ಲೇ ನನಗೆ ಹೊಳೆಯಬೇಕಿತ್ತು. ಪರದೆಯಲ್ಲಿ ಆಗಲು ಸಾಧ್ಯವೇ ಇಲ್ಲದ ದೋಷವೊಂದನ್ನು ಅಪ್ಪ ಅಷ್ಟು ಕರಾರುವಾಕ್ಕಾಗಿ ವಿವರಿಸಿದ್ದ. ಅಂಗಡಿಯ ಹುಡುಗನಿಗೆ ಅದು ತಿಳಿಯದಿದ್ದರೆ ತಪ್ಪಲ್ಲ. ನಾನು ಓದಿದ್ದೇ ಅದನ್ನು. ಆದರೆ ನನ್ನ ಓದಿನಲ್ಲಿ ಕಣ್ಣು ಎಂದರೆ ಪರೀಕ್ಷೆ ಪಾಸಾದ ಕಣ್ಣು. ನಮ್ಮ ಲ್ಯಾಬಿಗೆ ಬಂದಿದ್ದರೆ ಅಪ್ಪನಿಗೂ ಕಾಫಿ ಕೊಟ್ಟು ಕಳಿಸುತ್ತಿದ್ದೆವು.

ಇಲ್ಲಿಯವರೆಗೆ ಕಣ್ಣಿನೊಳಕ್ಕೆ ತಿಂಗಳಿಗೊಂದರಂತೆ ಐದು ಇಂಜೆಕ್ಷನ್ ಆಗಿವೆ. ಬಾವು ಇಳಿದಿದೆ. ಅಳಿಸಿಹೋಗಿದ್ದ ಗೆರೆಗಳು ಮರಳಿವೆ, ಬಾಗು ಪೂರ್ತಿ ಹೋಗಿಲ್ಲ. ಹೋಗುತ್ತದೆ ಎಂದು ಡಾಕ್ಟರು ಮಾತು ಕೊಟ್ಟಿಲ್ಲ. ಮನೆಯಲ್ಲಿ ನೋಡಿಕೊಳ್ಳಲು ಕಾಗದದ ಚೌಕಳಿ ಕೊಟ್ಟಿದ್ದಾರೆ, ಅಮ್ಮ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಅಪ್ಪನಿಗೆ ಟಿವಿಯದೇ ಬೇಕು. ಹಾಗಾಗಿ ನಾಲ್ಕಡಿಗೆ ಲೆಕ್ಕ ಹಾಕಿ ಬೇರೆ ಚಿತ್ರ ಮಾಡಿಕೊಟ್ಟೆ. ಒಂದೊಂದು ಮನೆ 57 ಪಿಕ್ಸೆಲ್, ಕಣ್ಣಿಗೆ ಒಂದು ಡಿಗ್ರಿ. ಡಾಕ್ಟರಿಗೆ ತೋರಿಸಿದೆ. ಇದೂ ಇರಲಿ, ಆದರೆ ತಪಾಸಣೆಗೆ ಬರುವುದು ತಪ್ಪಬಾರದು ಎಂದರು.

ಪರೀಕ್ಷೆಯಲ್ಲಿ ಫೇಲಾದ ಕಣ್ಣುಗಳನ್ನೂ ಕೂರಿಸಿ ಒಂದು ಪ್ರಯೋಗ ಮಾಡಬಹುದೇ ಎಂದು ಗೈಡನ್ನು ಕೇಳಿದೆ. ಅದೇ ಇನ್ನೊಂದು ಪಿಎಚ್.ಡಿ. ಆಗುತ್ತದೆ, ಮೊದಲು ಇದನ್ನು ಮುಗಿಸು ಎಂದರು. ಅವರು ಹೇಳಿದ್ದೂ ನಿಜವೇ.

ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪನ ಧ್ವನಿ ಸಂದೇಶ ಬರುತ್ತದೆ. ಖಾತೆ ಒಪ್ಪಿಸುವ ದನಿ. ಹೋದ ವಾರದ್ದು ಹೀಗಿತ್ತು: ‘ಎಡಗಣ್ಣು ಸರಿ. ಬಲಗಣ್ಣಲ್ಲಿ ನಡುವಿಂದು ಮೂರು ಗೆರೆ ಸೊಟ್ಟ, ಹೋದ ವಾರದಷ್ಟೇ, ಜಾಸ್ತಿ ಇಲ್ಲ. ಟಿವಿ ಚೆನ್ನಾಗಿದೆ.’