ಚಕ್ರಿ

ಒಂಬತ್ತನೇ ಕ್ಲಾಸಿನಲ್ಲಿ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ‘ಚಕ್ರಿ’ ಎಂದು ಬರೆದು, ‘ಯಾರ್ರೋ ಇವನು?’ ಎಂದರು. ಸಂತೆಬೀದಿಯ ತುದಿಯಲ್ಲಿ ತಿಗರಿ ತಿರುಗಿಸುತ್ತಿದ್ದ ಅಜ್ಜನನ್ನು ದಿನಾ ನೋಡುತ್ತಿದ್ದ ನಾನು ಥಟ್ಟನೆ ಎದ್ದು, ‘ಕುಂಬಾರ ಸಾರ್’ ಅಂದೆ. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಳ್ಳುತ್ತ, ‘ಕೂತ್ಕೊಳ್ಳಪ್ಪಾ, ಚಕ್ರವರ್ತಿ’ ಅಂದರು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನ ಹೆಸರು ಚಕ್ರಿ.

ಚಕ್ರಿ ಅಂದರೆ ಚಕ್ರವರ್ತಿಯೇ. ಆದರೆ ನಾಲ್ಕಕ್ಷರದ ‘ಚಕ್ರವರ್ತಿ’ ಸಿನಿಮಾ ಪೋಸ್ಟರು, ಹೋಟೆಲ್ ಬೋರ್ಡು ಎಲ್ಲ ಸುತ್ತಿ ಸವೆದುಹೋಗಿದ್ದಾನೆ. ಎರಡಕ್ಷರದವನು ಮಾತ್ರ ಹಳೆಯ ಕಾವ್ಯಗಳಲ್ಲೇ ಹೆಚ್ಚಾಗಿ ಸಿಗುತ್ತಾನೆ. ರತ್ನಾಕರವರ್ಣಿಯ ‘ಭರತೇಶ ವೈಭವ’ದಲ್ಲಿ ಅವನದೇ, ಅಂದರೆ ಭರತ ಚಕ್ರಿಯದೇ ದರ್ಬಾರು. ಸಾಂಗತ್ಯದ ಚಿಕ್ಕ ಸಾಲಿನಲ್ಲಿ ಇಷ್ಟು ದೊಡ್ಡ ಮನುಷ್ಯನನ್ನು ಕೂರಿಸಲು ಇಷ್ಟು ಪುಟ್ಟ ಪದವೇ ಸರಿ ಅಂತ ನನಗನ್ನಿಸುತ್ತದೆ. ಆರು ಖಂಡ, 14 ರತ್ನ, 96,000 ರಾಣಿಯರು! ಒಬ್ಬ ಹೆಂಡತಿಯ ಮುಂದೆಯೇ ಲೆಕ್ಕ ತಪ್ಪುವ ನಮ್ಮಂಥವರು ಆ ಕೊನೆಯ ಸಂಖ್ಯೆಯನ್ನು ಬೇಗ ದಾಟಿಬಿಡುವುದು ಕ್ಷೇಮ.

ಪಂಪನ ‘ಆದಿಪುರಾಣ’ (941) ಇದೇ ಭರತನನ್ನು ವೃಷಭಾಚಲದ ಮುಂದೆ ನಿಲ್ಲಿಸುತ್ತದೆ. ಭೂಮಂಡಲವನ್ನೆಲ್ಲ ಗೆದ್ದು, ಇನ್ನು ಬಂಡೆಯ ಮೇಲೆ ಹೆಸರು ಕೆತ್ತಿಸುವುದೊಂದು ಬಾಕಿ ಎಂದು ಬಂದವನು ನೋಡುತ್ತಾನೆ: ಹಿಂದೆ ಆಗಿಹೋದ ಚಕ್ರಿಗಳ ಹೆಸರುಗಳೇ ಬೆಟ್ಟದ ತುಂಬ. ಬೆರಳಗಲ ಜಾಗವಿಲ್ಲ. ಗರ್ವ ಇಳಿಯಿತು. ಆದರೂ ಬಂದ ಕೆಲಸ ಬಿಟ್ಟನೇ? ಯಾವನದೋ ಒಂದು ಹೆಸರು ಅಳಿಸಿ ತನ್ನದನ್ನು ಬರೆಸಿದ.

ಮೇಷ್ಟ್ರು ಇದನ್ನು ಹೇಳುತ್ತಿದ್ದಾಗ ನಾನು ಹಿಂದಿನ ಬೆಂಚಿನಲ್ಲಿ ಅದೇ ಕೆಲಸದಲ್ಲಿದ್ದೆ. ಚಕ್ರಿಯ 14 ರತ್ನಗಳಲ್ಲಿ ಒಂದೂ ನನ್ನಲ್ಲಿರಲಿಲ್ಲ, ಕೈವಾರ ಇತ್ತು. ಬೆಂಚಿನ ಮೇಲೆ ಹಿಂದಿನ ಇಪ್ಪತ್ತು ವರ್ಷದ ಹುಡುಗರ ಹೆಸರುಗಳೆಲ್ಲ ಕಿಕ್ಕಿರಿದಿದ್ದವು. ‘ಬಿ. ಎಸ್.’ ಅಂತ ಇದ್ದ ಒಬ್ಬನನ್ನು ಕೆರೆದು ಹಾಕಿದೆ. ಅವನ ‘ಬಿ’ ಆಳವಾಗಿತ್ತು, ಕೊನೆಗೂ ಹೋಗಲಿಲ್ಲ.

ಮೊನ್ನೆ ಯಾವುದೋ ಪದಕ್ಕಾಗಿ ಸಂಸ್ಕೃತ ನಿಘಂಟು ತೆರೆದವನ ಕಣ್ಣು ‘ಚಕ್ರಿನ್’ ಮೇಲೆ ನಿಂತಿತು. ಚಕ್ರ ಉಳ್ಳವನು, ವಿಷ್ಣು, ಚಕ್ರವರ್ತಿ, ಹಾವು, ಗಾಣಿಗ, ಕುಂಬಾರ.

ಕುಂಬಾರ! ನಲವತ್ತು ವರ್ಷ ತಡವಾಗಿ ನನಗೆ ಒಂದು ಮಾರ್ಕು ಬರಬೇಕು. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದಿರಲೇಬೇಕು, ಅದಕ್ಕೇ ನಗದೆ ಕನ್ನಡಕ ಒರೆಸಿಕೊಂಡರೋ ಏನೋ. ಕೇಳೋಣವೆಂದರೆ ಅವರಿಲ್ಲ.